ಮಾರುವುದಿದೆ, ಆದರೆ

ನಮ್ಮ ಮಾವನವರು ತಮ್ಮ ಕಾವಾಸಾಕಿ ಬಜಾಜ್ ಕೆಬಿ 100 ಬೈಕನ್ನು ಮಾರಲು ಒಪ್ಪಿದಾಗ, ಜಾಹೀರಾತು ಬರೆಯುವ ಕೆಲಸ ಅಳಿಯನಾದ ನನ್ನ ಪಾಲಿಗೆ ಬಂದಿತು. ‘ಅಪರೂಪದ ಜಪಾನಿ ಬೈಕು, 1986ರ ಮಾಡೆಲ್, ಉತ್ತಮ ಸ್ಥಿತಿ’ ಎಂದು ಬರೆದು ತೋರಿಸಿದೆ. ಧಾರವಾಡದಲ್ಲಿ ಗಣಿತದ ಮೇಷ್ಟರಾಗಿದ್ದು, ನಿವೃತ್ತಿಯ ನಂತರ ಪುಣೆಯ ನಮ್ಮ ಮನೆಗೆ ಗಾಡಿಯ ಸಮೇತ ಬಂದು ನೆಲೆಸಿದ ಅವರು ಕೆಂಪು ಪೆನ್ನು ಕೈಗೆತ್ತಿಕೊಂಡರು. ತಂತ್ರಜ್ಞಾನ ಕಾವಾಸಾಕಿಯದಾದರೂ ಗಾಡಿಯನ್ನು ತಯಾರಿಸಿದ್ದು ಬಜಾಜ್, ಆದ್ದರಿಂದ ‘ಜಪಾನಿ’ ಎಂಬುದು ಅರ್ಧಸತ್ಯ. ಹೆಸರಿನಲ್ಲಿ 100 ಇದ್ದರೂ ಎಂಜಿನ್ 99 ಸಿಸಿ, ಅದನ್ನು ನಮೂದಿಸತಕ್ಕದ್ದು. ‘ಉತ್ತಮ’ ಎಂಬುದಕ್ಕೆ ಆಧಾರವೇ ಇಲ್ಲ. ಅವರು ತಿದ್ದಿ ಮುಗಿಸುವಷ್ಟರಲ್ಲಿ ಅದು ಪೊಲೀಸರ ಪಂಚನಾಮೆಯಂತೆ ಕಾಣುತ್ತಿತ್ತು.

ಆದರೂ ಜನ ಬಂದರು. ಚಿಂಚವಾಡದಿಂದ ಬಂದ ಹುಡುಗನೊಬ್ಬ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಸಾಮಾನ್ಯವಾಗಿ ಇರುವ ಸಿಲಿಂಡರಿನ ಹಿಂಬದಿಯಲ್ಲಿ ಬೆರಳಾಡಿಸಿ, “ಅಂಕಲ್, ಕಾರ್ಬುರೇಟರನ್ನೇ ಯಾರೋ ಎಗರಿಸಿದ್ದಾರೆ” ಎಂದು ಗಾಬರಿಯಾದ. ಮಾವನವರ ಮುಖ ಅರಳಿತು. ಜೇಬಿನಿಂದ ಚಾಕ್‌ಪೀಸು ತೆಗೆದು (ಅದು ಇಂದಿಗೂ ಅವರ ಜೇಬಿನಲ್ಲಿರುತ್ತದೆ) ಪಾರ್ಕಿಂಗಿನ ನೆಲದ ಮೇಲೆಯೇ ಒಂದು ವೃತ್ತ ಎಳೆದರು. ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ತೆಳುವಾದ ತಟ್ಟೆಯೊಂದು ಸುತ್ತುತ್ತದೆ, ಅದರ ಅಂಚಿನಲ್ಲಿ ಒಂದು ಕಚ್ಚಿದೆ, ಆ ಕಚ್ಚು ದ್ವಾರದೆದುರು ಬಂದಾಗ ಮಾತ್ರ ಪೆಟ್ರೋಲು ಬೆರೆತ ಗಾಳಿ ಒಳಹೋಗುತ್ತದೆ, ಆದಕಾರಣ ಕಾರ್ಬುರೇಟರು ಹಿಂದಿರದೆ ಬಲಬದಿಯ ದುಂಡು ಮುಚ್ಚಳದೊಳಗೆ ಅಡಗಿದೆ ಎಂದು ರೋಟರಿ ಡಿಸ್ಕ್ ವಾಲ್ವಿನ ಪಾಠವಾಯಿತು. ಹುಡುಗ ಮನಸೋತು ದುಡ್ಡು ತೆಗೆಯುವಷ್ಟರಲ್ಲಿ ಮಾವನವರು, “ತಮ್ಮಾ, ಬ್ರೇಕ್ ಹಿಡೀತದ, ಆದ್ರ ನೀ ಹಿಡಿದ ಕೂಡ್ಲೇ ಹಿಡೀತದ ಅಂತ ನಾ ಹೇಳಂಗಿಲ್ಲ” ಎಂದರು. ಅವನು ಚಾಕಿನ ಚಿತ್ರದ ಫೋಟೋ ತೆಗೆದುಕೊಂಡು ಹೊರಟುಹೋದ.

ಇನ್ನೊಬ್ಬರಿಗೆ ವಿಂಟೇಜ್ ಗಾಡಿಯೇ ಬೇಕಿತ್ತು. ಕಾನೂನಿನ ಲೆಕ್ಕದಲ್ಲಿ 50 ವರ್ಷ ದಾಟದೆ ಯಾವ ಗಾಡಿಯೂ ವಿಂಟೇಜ್ ಆಗದೆಂದು ತಿಳಿಸಿ, 2036ರ ನಂತರ ಬರಲು ಹೇಳಿ ಕಳಿಸಲಾಯಿತು. ಧಾರವಾಡದ ಆರ್‌ಟಿಒದಿಂದ ಎನ್‌ಒಸಿ ತರುವ ಮಾತು ಕೇಳಿಯೇ ಮತ್ತೆ ಕೆಲವರು ಮೆಟ್ಟಿಲಿಳಿದರು.

ಕೊನೆಗೆ ಬಂದವರು ಸೊಲ್ಲಾಪುರದ ಕನ್ನಡಿಗರು. ಬೆಲೆ ಕೇಳಲಿಲ್ಲ, ಓಡಿಸಿ ನೋಡಲಿಲ್ಲ. ಕಿಕ್ ಹೊಡೆದಾಗ ಎದ್ದ ನೀಲಿ ಹೊಗೆಯನ್ನು ಕಣ್ಣು ಮುಚ್ಚಿ ಮೂಸಿ, “ನಮ್ದೂ ಒಂದ ಐತ್ರೀ ಸರ, ಆದ್ರ ಚೀಲದಾಗೈತಿ” ಎಂದರು. ಮಧ್ಯಾಹ್ನದ ಊಟಕ್ಕೂ ಅವರು ಇಲ್ಲೇ ಉಳಿದರು. ಅಂದು ನಡೆದ ವ್ಯಾಪಾರದ ಫಲವಾಗಿ, ಮರುವಾರ ನಮ್ಮ ಗೇಟಿಗೆ ಟೆಂಪೋ ಬಂದು ಇನ್ನೊಂದು ಕೆಬಿ 100ರ ಬಿಡಿಭಾಗಗಳು ತುಂಬಿದ ಗೋಣಿಚೀಲಗಳನ್ನು ಇಳಿಸಿತು. ದುಡ್ಡು ಕೊಟ್ಟವರು ಮಾವನವರು. ನಂಬರ್ ಪ್ಲೇಟುಳ್ಳ ಗೋಣಿಚೀಲಕ್ಕೆ ಪಾರ್ಕಿಂಗ್ ಶುಲ್ಕ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಸೊಸೈಟಿಯ ಕಾರ್ಯದರ್ಶಿಗಳು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿದ್ದಾರೆ.