ಎರಡು ಕ್ಲಚ್, ಒಬ್ಬ ಸೋದರಮಾವ

ನನ್ನ ಕಾರಿನ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಆಯಿಲ್ ಆದರೆ ಕಡ್ಡಿ ಎಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ ‘ಹ್ಞಾಂ, ಸರಿಯಾಗಿದೆ’ ಅಂದುಬಿಡಬಹುದು. ಈ ಆರು ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಆ ಸುಖ ಇಲ್ಲ. ಕಾರು ಸಮತಟ್ಟಾಗಿ ನಿಂತಿರಬೇಕು. ಇಂಜಿನ್ ಓಡುತ್ತಿರಬೇಕು. ಆಯಿಲ್ಲಿನ ಬಿಸಿ 35ರಿಂದ 45 ಡಿಗ್ರಿ ಒಳಗಿರಬೇಕು. ಆಗ ಅಡಿಯ ಬೋಲ್ಟ್ ಬಿಚ್ಚಿದರೆ ಹೆಚ್ಚಾದ ಆಯಿಲ್ ಹೊರಗೆ ಬರುತ್ತದೆ. ಧಾರೆ ನಿಂತು ತೊಟ್ಟಿಕ್ಕಲು ಶುರುವಾದರೆ ಮಟ್ಟ ಸರಿಯಾಗಿದೆ ಎಂದರ್ಥ.

ಎರಡೂ ಕ್ಲಚ್ಚು ಇದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಕ್ಲಚ್ ತಣ್ಣಗಿಡೋದು, ಹಲ್ಲುಗಳಿಗೆ ಜಾರು ಕೊಡೋದು, ಗೇರ್ ತಳ್ಳೋದು ಎಲ್ಲ ಇದರದ್ದೇ ಕೆಲಸ. ಅದಕ್ಕೇ 60,000 ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು. (ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಇದ್ದವರು ಇದನ್ನು ಓದಿ ಸ್ಪ್ಯಾನರ್ ಹುಡುಕಬೇಡಿ. ನಿಮ್ಮದು ಬೇರೆ ಕಥೆ.) ಸರ್ವೀಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟ್ ನೋಡಿ ನಾನೇ ಮಾಡ್ತೀನಿ ಅಂತ ತೀರ್ಮಾನಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವುದಕ್ಕೇ ದಂಡ. ಹಾಸನದಲ್ಲಿ ಸೋದರಮಾವನ ಮನೆಯ ಶೆಡ್ಡಿನಲ್ಲಿ, ಹಿಂದೊಮ್ಮೆ ಜೀಪಿಗೆಂದು ತೋಡಿಸಿದ ಗುಂಡಿ ಇತ್ತು. ಆಯಿಲ್ ಕ್ಯಾನುಗಳ ಸಮೇತ ಅಲ್ಲಿಗೇ ಹೋದೆ.

ಗುಂಡಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಅತ್ತೆ ಬುಟ್ಟಿ ಸಮೇತ ಅದನ್ನೆತ್ತಿ ಜಗಲಿಯಲ್ಲಿಟ್ಟರು. “ಒಂದು ಮೊಟ್ಟೆ ಕೆಟ್ರೂ ನಿನ್ನ ಸುಮ್ನೆ ಬಿಡಲ್ಲ” ಅಂದರು.

ಮಾವ ಸರ್ಕಾರಿ ಬಸ್ಸಿನ ರಿಟೈರ್ಡ್ ಡ್ರೈವರ್. ಡ್ರೈವರ್ ಸೀಟಿನ ಕೆಳಗೆ ಬಗ್ಗಿ ನೋಡಿದರು.

“ಕ್ಲಚ್ ಎಲ್ಲೋ?”

“ಎರಡಿದೆ ಮಾವ.”

“ಎರಡಿದ್ದು ಒಂದಕ್ಕೂ ಪೆಡಲ್ ಇಲ್ವಾ?”

ಒಂದು, ಮೂರು, ಐದು ಗೇರಿಗೆ ಒಂದು ಕ್ಲಚ್ಚು, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಒಂದು ಎಳೆಯುತ್ತಿರುವಾಗಲೇ ಇನ್ನೊಂದು ಕಡೆ ಮುಂದಿನ ಗೇರ್ ತಯಾರಾಗಿರುತ್ತದೆ. ಹೀಗೆ ಬಿಡಿಸಿ ಹೇಳಿದೆ. “ಓ, ನೈಟ್ ಬಸ್ಸಿಗೆ ಇಬ್ಬರು ಡ್ರೈವರ್ ಹಾಕ್ದಂಗೆ. ಒಬ್ಬ ಓಡಿಸ್ತಾನೆ, ಇನ್ನೊಬ್ಬ ಎದ್ದು ರೆಡಿ ಇರ್ತಾನೆ” ಅಂದರು. ನಾನು ಓದಿದ ಯಾವ ವಿವರಣೆಯೂ ಇಷ್ಟು ಚೆನ್ನಾಗಿರಲಿಲ್ಲ.

ಡ್ರೇನ್ ಬೋಲ್ಟಿಗೆ 14 ಎಂಎಂ ಅಲೆನ್ ಕೀ ಬೇಕು. ಊರಿನ ಅಂಗಡಿಗಳಲ್ಲಿ 12ರವರೆಗೆ ಮಾತ್ರ ಸಿಕ್ಕಿತು. ಮಾವ ಎಲ್ಲಿಂದಲೋ 14ರ ತಲೆಯ ಬೋಲ್ಟ್ ಹುಡುಕಿ, ಅದಕ್ಕೆ ಎರಡು ನಟ್ ಒಂದರ ಮೇಲೊಂದು ಬಿಗಿದು, ತಲೆಕೆಳಗು ಮಾಡಿ ತೂರಿಸಿ ತಿರುಗಿಸಿದರು. ಬಂತು. ಒಂದು ಲೋಟದಷ್ಟು ಕಂದು ಆಯಿಲ್ ಸುರಿದು ನಿಂತಿತು.

“ಇಷ್ಟೇನಾ? ಇದಕ್ಕೆ ಬೆಂಗಳೂರಿಂದ ಬಂದ್ಯಾ?”

ತೂತಿನೊಳಗೆ ಪ್ಲಾಸ್ಟಿಕ್ ಕೊಳವೆಯೊಂದು ನಿಂತಿರುತ್ತದೆ. ಮಟ್ಟ ಅಳೆಯುವುದೇ ಅದು. 8 ಎಂಎಂ ಕೀ ಹಾಕಿ ಅದನ್ನೂ ಬಿಚ್ಚಿದೆ. ಸುಮಾರು ಐದು ಲೀಟರ್ ದಬದಬನೆ ಇಳಿಯಿತು. ಒಳಗೆ ಇನ್ನೂ ಎರಡು ಲೀಟರ್ ಉಳಿಯುತ್ತದೆ, ಅದು ಕೈಗೆ ಸಿಗೋದಿಲ್ಲ. ಕೊಳವೆ, ಬೋಲ್ಟ್ ವಾಪಸ್ ಹಾಕಿ, ಬ್ಯಾಟರಿ, ಏರ್ ಫಿಲ್ಟರ್ ಡಬ್ಬ ತೆಗೆದು, ಗೇರ್‌ಬಾಕ್ಸಿನ ಹೊಸ ಆಯಿಲ್ ಫಿಲ್ಟರ್ ಹಾಕುವ ಮೊದಲು ಅದರ ಜಾಗದಿಂದಲೇ ಹೊಸ ಆಯಿಲ್ ಸುರಿದೆ. ಎಲ್ಲ ಮತ್ತೆ ಜೋಡಿಸಿ, ಬಾಗಿಲ ಪಟ್ಟಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುವೆ ನಿಂತಿತ್ತು.

ಇನ್ನು ಬಿಸಿಯ ಸರದಿ. ಇಂಜಿನ್ ಶುರು ಮಾಡಿ, ಗೇರುಗಳನ್ನೆಲ್ಲ ಒಮ್ಮೆ ಆಡಿಸಿ, ‘ಪಿ’ಯಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಗುಂಡಿಗೆ ಇಳಿದೆ. ಮಾವ ಸೀಟಿನಲ್ಲಿ ಕೂತು, ಕಾರಿಗೆ ಜೋಡಿಸಿದ ಮೊಬೈಲಿನಲ್ಲಿ ಕಾಣುವ ಆಯಿಲ್ಲಿನ ಡಿಗ್ರಿ ಕೂಗಬೇಕು, ಅಷ್ಟೇ. “ಮೂವತ್ತಾರು! ಮೂವತ್ತೇಳು!” ಬೋಲ್ಟ್ ಬಿಚ್ಚಿದೆ. ಸಣ್ಣ ಧಾರೆ. ಧಾರೆ ತೆಳುವಾಗುತ್ತಾ ಬಂತು. ಇನ್ನೇನು ತೊಟ್ಟಿಕ್ಕಬೇಕು.

ಇಂಜಿನ್ ಗಪ್ಪಾಯಿತು.

ಪಂಪ್ ನಿಂತರೆ ಅಲ್ಲಲ್ಲಿ ಸುತ್ತಾಡುತ್ತಿದ್ದ ಆಯಿಲ್ಲೆಲ್ಲ ಕೆಳಗಿಳಿಯುತ್ತದೆ. ಮಟ್ಟ ಏರುತ್ತದೆ. ಏರಿದ್ದು ಕೊಳವೆಯಿಂದ ಹೊರಗೆ ಬರುತ್ತದೆ. ಅದರ ಕೆಳಗೆ ನನ್ನ ಮುಖ ಇತ್ತು.

“ನಿಂತಿರೋ ಗಾಡೀಲಿ ಸುಮ್ನೆ ಡೀಸೆಲ್ ಯಾಕೋ ಸುಡೋದು?” ಮೇಲಿಂದ ಮಾವನ ದನಿ. ಡೀಸೆಲ್ ಉಳಿತಾಯಕ್ಕೆ ಡಿಪೋದಲ್ಲಿ ಬಹುಮಾನ ತಗೊಂಡವರು. ಅವರ ಸರ್ವೀಸಿಡೀ ಆ ಕೈ ಹಾಗೇ ಕೆಲಸ ಮಾಡಿದೆ.

ಮತ್ತೆ ಬ್ಯಾಟರಿ ತೆಗೆ, ಆಯಿಲ್ ಸುರಿ, ಜೋಡಿಸು. ಅಷ್ಟರಲ್ಲಿ ಇಂಜಿನ್ನಿನ ಕಾವಿಗೆ ಗೇರ್‌ಬಾಕ್ಸ್ 50 ಡಿಗ್ರಿ ದಾಟಿತ್ತು. ತಣ್ಣಗಾಗುವ ತನಕ ಕಾಯಬೇಕು. ಜಗಲಿಯಲ್ಲಿ ಕಾಫಿ ಹಿಡಿದು ಕೂತೆ. ಪಕ್ಕದಲ್ಲಿ ಆ ಕೋಳಿ. ಮೊಟ್ಟೆ ಒಡೆದು ಮರಿ ಬರಬೇಕಾದರೆ ಸುಮಾರು 37, 38 ಡಿಗ್ರಿ ಬೇಕಂತೆ. ಮೂರು ವಾರ ಅಷ್ಟೇ ಬಿಸಿ ಕಾಯ್ದುಕೊಳ್ಳುವ ಆ ಕೋಳಿಗೆ ಮೊಬೈಲೂ ಇಲ್ಲ, ಮಾವನೂ ಇಲ್ಲ.

ಮಾರನೇ ಬೆಳಗ್ಗೆ ಅತ್ತೆ ಸೀಟಿನಲ್ಲಿ ಕೂತರು. ಕೀ ಅವರ ಸೆರಗಿನ ಗಂಟಿನಲ್ಲಿರಲಿ ಅನ್ನುವ ಹಾಗಿರಲಿಲ್ಲ, ಇಂಜಿನ್ ಓಡಬೇಕಲ್ಲ. ಹಾಗಾಗಿ ಮಾವನನ್ನೇ ಹಾಲು ತರಲು ಕಳಿಸಿದೆವು. 39 ಡಿಗ್ರಿಗೆ ಧಾರೆ ತೊಟ್ಟಾಯಿತು. ಹೊಸ ವಾಷರ್ ಹಾಕಿ ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲಿ 45 ನ್ಯೂಟನ್ ಮೀಟರಿಗೆ ಬಿಗಿದೆ. ಹಳೇ ಆಯಿಲ್ಲನ್ನು ಬೆಂಗಳೂರಿಗೆ ಒಯ್ದು ವೇಸ್ಟ್ ಆಯಿಲ್ ತಗೊಳ್ಳುವವರಿಗೆ ಕೊಡೋಣ ಅಂದುಕೊಂಡಿದ್ದೆ. ಆದರೆ ಬೇಲಿ ಗೂಟಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯಲು ಬೇಕು ಅಂತ ಪಕ್ಕದ ಮನೆಯವರು, ಎದುರು ಮನೆಯವರು ಕ್ಯಾನ್ ಹಿಡಿದು ಬಂದಿದ್ದರು. ಅವರನ್ನು ಸಮಾಧಾನ ಮಾಡಿ ಕಳಿಸಲು ಆಯಿಲ್ ಹಾಕಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಟ್ರಯಲ್ ತಾವೇ ನೋಡ್ತೀನಿ ಅಂದರು ಮಾವ. ಇಲ್ಲ ಅನ್ನೋಕಾಗುತ್ತಾ? ಗೇರು ಬೆಣ್ಣೆಯಂತೆ ಬೀಳುತ್ತಿದ್ದವು. ಮಾವನಿಗೂ ಖುಷಿ. ಮುಖ್ಯರಸ್ತೆಗೆ ತಿರುಗುವಾಗ ಹಳೇ ಅಭ್ಯಾಸ, ಎಡಗಾಲು ಎದ್ದು ಕ್ಲಚ್ ಒತ್ತಿತು. ಅಲ್ಲಿದ್ದದ್ದು ಅಗಲವಾದ ಬ್ರೇಕ್ ಪೆಡಲ್. ನಾನು ಡ್ಯಾಶ್‌ಬೋರ್ಡಿಗೆ ಮುಖ ತಂದೆ. ಹಿಂದಿನ ಸೀಟಿನಿಂದ ಹಾಲಿನ ಪ್ಯಾಕೆಟ್ಟುಗಳು ಮುಂದೆ ಬಂದವು. ಅತ್ತೆ ಕನ್ನಡಕ ಹುಡುಕುತ್ತಾ ಕೇಳಿದರು: “ಎರಡು ಕ್ಲಚ್ ಇದೆ ಅಂದ್ಯಲ್ಲಪ್ಪಾ, ನಿಮ್ಮ ಮಾವನಿಗೆ ಒಂದೂ ಸಿಗಲಿಲ್ವಾ?”