ಪೈಲಟ್ ಪಾಸಾದ ರಾತ್ರಿ ನಾವೆಲ್ಲ ಎಲ್ಲಿದ್ವಿ?

ನಮ್ಮ ಬೀದೀಲಿ ಈಗ ಮನೆಗೊಂದು ಹಳದಿ ಬೋರ್ಡು, ಹುಲ್ಲಿನ ಮೇಲೆ ನೆಟ್ಟಿದಾರೆ, ಓವರ್‌ಡೆವಲಪ್‌ಮೆಂಟ್ ನಿಲ್ಲಿಸಿ ಅಂತ. ವರ್ಷಗಟ್ಲೆ ಖಾಲಿ ಬಿದ್ದಿದ್ದ ಆಫೀಸ್ ಪಾರ್ಕ್ ಒಡೆದು ಅಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಬರ್ತಿದೆ. ಸೆಂಟ್ರಲ್ ನ್ಯೂಜರ್ಸೀಲಿರೋ ಕನ್ನಡದೋರಿಗೆ ಹೊಸದಾಗಿ ಹೇಳ್ಬೇಕಾಗಿಲ್ಲ, ನಿಮ್ಮೂರಲ್ಲೂ ಇದೇ ಕಥೆ ಇರುತ್ತೆ.

ಪ್ಲಾನಿಂಗ್ ಬೋರ್ಡ್ ಮೀಟಿಂಗ್‌ಗೆ ಹೋಗಿದ್ದೆ. ಕೂರೋಕೆ ಜಾಗ ಇಲ್ಲ, ಗೋಡೆಗೆ ಒರಗಿಕೊಂಡು ನಿಂತಿದಾರೆ ಜನ. ಒಬ್ಬೊಬ್ಬರಿಗೆ ಮೂರು ನಿಮಿಷ ಮೈಕು. ಟ್ರಾಫಿಕ್ಕು, ಸ್ಕೂಲಲ್ಲಿ ರಶ್ಶು, ಮನೆ ರೇಟ್ ಬಿದ್ದೋಗತ್ತೆ, ಆಮೇಲೆ ದನಿ ತಗ್ಗಿಸಿ "ಎಂಥಾ ಜನ ಬರ್ತಾರೋ". ನಮ್ಮ ಪೈಕಿ ಅಂಕಲ್ ಒಬ್ರು ನನ್ನ ಕಿವೀಲಿ, "ನೋಡಮ್ಮಾ, ಇದನ್ನೂ ಮಾರತ್‌ಹಳ್ಳಿ ಮಾಡಿಬಿಡ್ತಾರೆ" ಅಂದ್ರು. ನಗು ಬಂತು, ಆದ್ರೆ ಎಲ್ಲೋ ಚುಚ್ಚಿತು ಕೂಡ. ಯಾಕಂದ್ರೆ ಈ ದೇಶಕ್ಕೆ ಬಂದಾಗ ನಾವು ಹತ್ತಿದ್ದೂ ಅಪಾರ್ಟ್‌ಮೆಂಟ್ ಮೆಟ್ಟಿಲೇ. ಒಂದೇ ಬೆಡ್‌ರೂಮು, ಕ್ವಾರ್ಟರ್ ಕಾಯಿನ್ ಕೂಡಿಟ್ಟುಕೊಂಡು ಬೇಸ್‌ಮೆಂಟಿಗೆ ಹೋಗಿ ಬಟ್ಟೆ ಒಗೀತಿದ್ವಿ, ನಾನು ಒಗ್ಗರಣೆ ಹಾಕಿದ್ರೆ ಮೂರನೇ ಮಹಡಿವರೆಗೂ ಇಂಗಿನ ವಾಸನೆ. ಆ ಬಿಲ್ಡಿಂಗ್ ಕಟ್ಟೋವಾಗ್ಲೂ ಯಾರೋ "ಎಂಥಾ ಜನ ಬರ್ತಾರೋ" ಅಂದಿರ್ತಾರೆ. ಬಂದಿದ್ದು ನಾವು!

ಈ ವಿಷಯಕ್ಕೆ ನಮ್ಮ ರಾಜ್ಯದಲ್ಲಿ ದೊಡ್ಡ ಇತಿಹಾಸಾನೇ ಇದೆ. ಮೌಂಟ್ ಲಾರೆಲ್ ಅಂತ ಒಂದು ಊರು. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಕಪ್ಪು ಜನಾಂಗದ ಕುಟುಂಬಗಳು 36 ಅಪಾರ್ಟ್‌ಮೆಂಟ್ ಕಟ್ಟಕ್ಕೆ ಹೊರಟ್ರೆ ಊರಿನ ಆಡಳಿತ ಒಪ್ಪಲಿಲ್ಲ. ಎಥೆಲ್ ಲಾರೆನ್ಸ್ ಅನ್ನೋ ಹೆಣ್ಣುಮಗಳು ಮುಂದೆ ನಿಂತು ಕೇಸ್ ನಡೆಸಿದ್ರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಝೋನಿಂಗ್ (ಎಲ್ಲಿ ಎಂಥಾ ಕಟ್ಟಡ ಕಟ್ಟಬಹುದು ಅನ್ನೋ ಊರಿನ ನಿಯಮ) ಹೆಸರಲ್ಲಿ ಕಡಿಮೆ ಆದಾಯದೋರನ್ನ ಆಚೆ ಇಡೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ಊರುಗಳು ಕೇಳ್ಬೇಕಲ್ಲ, 1983ರಲ್ಲಿ ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಾಯ್ತು. 2024ರ ಮಾರ್ಚಲ್ಲಿ ಆಗಿನ ಗವರ್ನರ್ ಫಿಲ್ ಮರ್ಫಿ ಹೊಸ ಕಾನೂನಿಗೆ ಸಹಿ ಹಾಕಿದ್ರು. 2035ರ ತನಕ ಯಾವ ಊರಿನ ಪಾಲಿಗೆ ಎಷ್ಟು ಅಫೋರ್ಡಬಲ್ ಮನೆ (ಕಡಿಮೆ, ಮಧ್ಯಮ ಆದಾಯದೋರ ಕೈಗೆಟಕೋ ಮನೆ) ಅನ್ನೋ ಲೆಕ್ಕ ಅದರಿಂದ ಬಂದಿದ್ದು, ಇಡೀ ರಾಜ್ಯಕ್ಕೆ 84 ಸಾವಿರದ ಚಿಲ್ಲರೆ. ಎಥೆಲ್ ಲಾರೆನ್ಸ್ ಹೆಸರಲ್ಲಿ ಕೊನೆಗೂ ಅದೇ ಊರಲ್ಲಿ ಮನೆಗಳು ಎದ್ವು. ಪ್ರಿನ್ಸ್‌ಟನ್ನಿನ ಡಗ್ಲಸ್ ಮ್ಯಾಸಿ ಮತ್ತವರ ತಂಡ ಹೋಗಿ ಸ್ಟಡಿ ಮಾಡಿದ್ರೆ ಅಕ್ಕಪಕ್ಕದ ಮನೆ ರೇಟೂ ಬಿದ್ದಿರಲಿಲ್ಲ, ಕ್ರೈಮೂ ಜಾಸ್ತಿ ಆಗಿರಲಿಲ್ಲ.

ಸೋ ಮನೆ ಕಟ್ಟೋದಕ್ಕೆ ನನ್ನ ತಕರಾರಿಲ್ಲ. ನನ್ನ ಹೊಟ್ಟೆ ಉರಿಯೋದು ಈ ಬಿಲ್ಡಿಂಗ್‌ಗೆ ಕೊಡೋ ಪೈಲಟ್‌ಗೆ.

ವಿಮಾನ ಓಡಿಸೋನಲ್ಲ ಮಾರಾಯ್ರೆ. ಪ್ರಾಪರ್ಟಿ ಟ್ಯಾಕ್ಸ್ ಬದಲಿಗೆ ಬಿಲ್ಡರ್ ಊರಿಗೆ ನೇರವಾಗಿ ಕಟ್ಟೋ ದುಡ್ಡಿಗೆ ಇಲ್ಲಿ ಪೈಲಟ್ (PILOT, ಪೇಮೆಂಟ್ ಇನ್ ಲ್ಯೂ ಆಫ್ ಟ್ಯಾಕ್ಸಸ್) ಅಂತಾರೆ. 30 ವರ್ಷದವರೆಗೂ ಬರ್ಕೊಡಬಹುದು, ಸಾಮಾನ್ಯವಾಗಿ ಬಾಡಿಗೆ ಆದಾಯದ ಶೇ. 10ರಿಂದ ಶುರು. ಯಾರೂ ದುಡ್ಡು ಹಾಕದ ಹಾಳುಬಿದ್ದ ಜಾಗಗಳಿಗೆ ಬಿಲ್ಡರ್‌ಗಳನ್ನ ಕರೆತರೋಕೆ ಅಂತ ಮಾಡಿದ ಕಾನೂನು ಇದು, ಜರ್ಸಿ ಸಿಟಿಯ ನದಿ ದಂಡೆ ಮೇಲೆಲ್ಲ ಎದ್ದಿದಾವಲ್ಲ ಟವರ್‌ಗಳು, ಅಲ್ಲಿ ತುಂಬಾ ಬಳಸಿದ್ರು. ಈಗ ಸಬರ್ಬ್‌ಗೂ ಬಂದಿದೆ, ಮನೆ ಖಾಲಿಯಾದ ಕೂಡ್ಲೆ ಜನ ಮುಗಿಬೀಳೋ ಊರಿಗೂ!

ಲೆಕ್ಕ ನೋಡಿ. ನಾವು ಕಟ್ಟೋ ಟ್ಯಾಕ್ಸಲ್ಲಿ 100 ಡಾಲರ್‌ಗೆ ಅರ್ಧಕ್ಕಿಂತ ಜಾಸ್ತಿ ಸ್ಕೂಲಿಗೆ, ಮಿಕ್ಕಿದ್ದು ಟೌನಿಗೂ ಕೌಂಟಿಗೂ (ನಮ್ಮ ಜಿಲ್ಲೆ ಥರ), ಟೌನ್ ಕೈಗೆ ಹತ್ತಿರತ್ತಿರ 30 ಅಂದ್ಕೊಳ್ಳಿ. ಪೈಲಟಲ್ಲಿ ಶೇ. 95 ಟೌನಿಗೆ, ಶೇ. 5 ಕೌಂಟಿಗೆ, ಸ್ಕೂಲಿಗೆ ಅಂತ ಕೊಡಲೇಬೇಕಾದ್ದು ಸೊನ್ನೆ. ಈಗ ಬಿಲ್ಡರ್ 100ರ ಬದಲು ಬರೀ 60 ಕಟ್ಟಿದ ಅನ್ನಿ. ಅವನಿಗೆ 40 ಉಳೀತು, ಟೌನಿಗೆ 30 ಬರೋ ಕಡೆ 57 ಬಂತು. ಇಬ್ಬರಿಗೂ ಹಬ್ಬ. ಪಂಗನಾಮ ಯಾರಿಗೆ? ಸ್ಕೂಲ್ ಬಜೆಟ್ ಏನೂ ನಿಲ್ಲಲ್ಲ, ಅವರು ಎತ್ತಬೇಕಾದ ದುಡ್ಡು ಎತ್ತೇ ಎತ್ತುತಾರೆ, ಆ ಹೊಸ ಬಿಲ್ಡಿಂಗ್ ಪಾಲು ಮಾತ್ರ ಮಿಕ್ಕ ಮನೆಗಳ ಬಿಲ್ಲಿಗೆ ಬಂದು ಕೂರುತ್ತೆ. ಈಗಲೇ ರಾಜ್ಯದ ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ 10,000 ಡಾಲರ್ ದಾಟಿದೆ, 2024ರಲ್ಲೇ ದಾಟ್ತು. ಕೆಲವು ಟೌನ್‌ಗಳು ಸ್ಕೂಲಿಗೂ ಒಂದಿಷ್ಟು ಕೊಡ್ತೀವಿ ಅಂತ ಒಪ್ಪಂದ ಮಾಡ್ಕೊಂಡಿವೆ, ಬೇಕಂದ್ರೆ ಆಗತ್ತೆ ಅಂತಾಯ್ತಲ್ಲ. ಇನ್ನು ಅಫೋರ್ಡಬಲ್ ಮನೆಗಳಿಗೇ ಪೈಲಟ್ ಕೊಡ್ತೀವಿ ಅಂದ್ರೆ ನಾನು ಕೈಯೆತ್ತಿ ಓಟ್ ಹಾಕ್ತೀನಿ. ಆದ್ರೆ ಈ ಬಿಲ್ಡಿಂಗಲ್ಲಿ ಹತ್ತರಲ್ಲಿ ಎಂಟು ಮನೆ ಮಾರ್ಕೆಟ್ ಬಾಡಿಗೆಗೆ ಹೋಗುತ್ತೆ, ಜಿಮ್ಮು ಈಜುಕೊಳ ಎಲ್ಲ ಇರತ್ತೆ, ಅದಕ್ಕೆ ರಿಯಾಯ್ತಿ ಯಾಕ್ರೀ?

ನನ್ನ ಸರದಿ ಬಂದಾಗ ಇದನ್ನೇ ಕೇಳಿದೆ, ಮೂರು ನಿಮಿಷದಲ್ಲಿ ಒಂದು ನಿಮಿಷ ಗಂಟಲು ಸರಿಮಾಡ್ಕೊಳ್ಳೋದ್ರಲ್ಲೇ ಹೋಯ್ತು. ಬೋರ್ಡಿನ ಲಾಯರ್ ತುಂಬಾ ಮರ್ಯಾದೆಯಿಂದ್ಲೇ ಹೇಳಿದ್ರು, ಇವತ್ತು ಇಲ್ಲಿ ನಕ್ಷೆ ಮಾತ್ರ ಮೇಡಂ, ಅಂದ್ರೆ ಪಾರ್ಕಿಂಗು, ಚರಂಡಿ, ಗಿಡಮರ, ಟ್ಯಾಕ್ಸ್ ವಿಷಯ ಟೌನ್ ಕೌನ್ಸಿಲ್ ಮಾಡೋ ಆರ್ಡಿನೆನ್ಸಲ್ಲಿ, ಅಂದ್ರೆ ಊರಿನ ಕಾಯ್ದೇಲಿ ಬರತ್ತೆ, ಅದಕ್ಕೆ ಬೇರೆ ಹಿಯರಿಂಗ್ ಇದೆ ಅಂತ. ಹೋದೆ ಆ ಹಿಯರಿಂಗ್‌ಗೂ. ಅವತ್ತು ಮಂಗಳವಾರ, ಮಳೆ ಬೇರೆ. ಗೋಡೆಗೆ ಒರಗಿ ನಿಂತಿದ್ದ ಜನ ಯಾರೂ ಇಲ್ಲ. ನಾನು, ಒಬ್ಬ ಮುದುಕ, ತಪ್ಪಿ ಬೇರೆ ವಿಷಯಕ್ಕೆ ಬಂದಿದ್ದ ಒಂದು ಜೋಡಿ. ಅಂಕಲ್‌ಗೆ ಫೋನ್ ಮಾಡಿದ್ರೆ "ಅದು ಬರೀ ಪೇಪರ್ ವರ್ಕ್ ಅಲ್ವೇನಮ್ಮಾ" ಅಂದ್ರು. ಹತ್ತು ನಿಮಿಷದಲ್ಲಿ ಆರ್ಡಿನೆನ್ಸಿನ ಎರಡನೇ, ಕೊನೇ ರೀಡಿಂಗ್, ಓಟು ಎಲ್ಲ ಮುಗೀತು. 30 ವರ್ಷಕ್ಕೆ.

ವಾಪಸ್ ಬರ್ತಾ ನೋಡ್ದೆ, ಹಳದಿ ಬೋರ್ಡುಗಳೆಲ್ಲ ಮಳೇಲಿ ನೆನೀತಾ ನಿಂತಿದ್ವು.