ಕುಡಿಯೋದು ಬಿಟ್ಟವರಿಗೂ ಸ್ಕ್ಯಾನ್ ಬೇಕು ಅಂತ ಯಾಕೆ ಹೇಳಲ್ಲ?

ಚಿಕ್ಕಬಳ್ಳಾಪುರದಲ್ಲಿ ನಮ್ಮ ಲ್ಯಾಬಿನ ಪಕ್ಕದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಇವತ್ತು ನೋಡಿದ್ದಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ಶಿಡ್ಲಘಟ್ಟ ಕಡೆಯ ರೇಷ್ಮೆ ನೂಲು ತೆಗೆಯೋ ರೀಲರ್ ಒಬ್ಬರು, ಲಿವರಿನಲ್ಲಿ ದೊಡ್ಡ ಗಡ್ಡೆ. "ಎಣ್ಣೆ ಬಿಟ್ಟು ನಾಲ್ಕು ವರ್ಷ ಆಯ್ತಲ್ಲ ಮೇಡಂ, ಈಗ್ಯಾಕೆ ಬಂತು?" ಅಂದರು. ಅವರ ಪ್ಲಾಸ್ಟಿಕ್ ಕವರಿನಿಂದ ಹಳೇ ಡಿಸ್ಚಾರ್ಜ್ ಸಮ್ಮರಿ ತೆಗೆದು ಓದಿದೆ. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಂಟುಗಂಟಾಗೋದು, ಅಂತ ಇದೆ, ಮಾತ್ರೆಗಳಿವೆ, ಉಪ್ಪು ಕಡಿಮೆ ಮಾಡಿ ಅಂತಿದೆ. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ ಅನ್ನೋ ಒಂದು ಸಾಲಿಲ್ಲ!

ಬಯಾಪ್ಸಿ ಸ್ಲೈಡ್ ಮಾಡೋದೇ ನನ್ನ ಕೆಲಸ, ನಿಮಗೆ ಗೊತ್ತು. ಚೆನ್ನಾಗಿರೋ ಲಿವರಿಗೆ ಬೆಳ್ಳಿಯ ಸ್ಟೇನ್ (ಬಣ್ಣ) ಹಾಕಿದರೆ ರೆಟಿಕ್ಯುಲಿನ್ ಅನ್ನೋ ನಾರಿನ ಎಳೆಗಳು ಕಪ್ಪಗೆ, ತೆಳ್ಳಗೆ ಕಾಣುತ್ತವೆ. ಎಳೆಗಳ ನಡುವೆ ಒಂದೋ ಎರಡೋ ಕೋಶಗಳ ದಪ್ಪದ ಸಾಲು. ದ್ರಾಕ್ಷಿ ಬಳ್ಳಿಗೆ ಚಪ್ಪರದ ತಂತಿ ಇದ್ದ ಹಾಗೆ ಕೋಶಗಳಿಗೆ ಅದೇ ಆಸರೆ. ಕುಡಿತ, ಶುಗರ್ ಜೊತೆ ಬರೋ ಫ್ಯಾಟಿ ಲಿವರ್, ಹೆಪಟೈಟಿಸ್ ಬಿ, ಸಿ, ಯಾವುದಾದರೂ ಸರಿ, ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ, ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿದ್ದ ಸ್ಟೆಲೇಟ್ ಕೋಶಗಳು ಕೊಲಾಜೆನ್, ಅಂದರೆ ಗಾಯದ ಕಲೆ ಕಟ್ಟೋ ನಾರು, ಸುರಿಯೋಕೆ ಶುರು ಮಾಡುತ್ತವೆ. ಲಿವರ್ ಗಟ್ಟಿಯಾಗುತ್ತೆ, ಗಂಟುಗಂಟಾಗುತ್ತೆ. ಆ ಗಡಸುತನವೇ ಕೋಶಗಳು ಬೆಳೆಯೋಕೆ ಕುಮ್ಮಕ್ಕು ಕೊಡುತ್ತೆ. ಕೆಲವು ಗಂಟುಗಳಲ್ಲಿ ಕೋಶಗಳು ಕೆಡುತ್ತವೆ, ಕ್ಯಾನ್ಸರಿನ ಹಿಂದಿನ ಹೆಜ್ಜೆ ಅದು. ಕ್ಯಾನ್ಸರ್ ಆದ ಕಡೆ ಅದೇ ಸ್ಟೇನ್ ಹಾಕಿದರೆ ಸಾಮಾನ್ಯವಾಗಿ ಕಪ್ಪು ಎಳೆಗಳು ತುಂಡಾಗಿ ಮಾಯವಾಗಿರುತ್ತವೆ, ಕೋಶಗಳು ಮೂರು ನಾಲ್ಕು ಸಾಲು ಒತ್ತಿಕೊಂಡಿರುತ್ತವೆ. ಲಿವರ್ ಕೋಶಗಳ ಕ್ಯಾನ್ಸರಿನಲ್ಲಿ 100ಕ್ಕೆ ಸುಮಾರು 80 ಹುಟ್ಟೋದು ಹೀಗೆ ಕಲೆಗಟ್ಟಿದ ಲಿವರಿನಲ್ಲೇ. ಅಂದಮೇಲೆ ಎಲ್ಲಿ ಕಣ್ಣಿಡಬೇಕು ಅಂತ ಮೊದಲೇ ಗೊತ್ತಿತ್ತಲ್ಲ!

ಬಿಟ್ಟರೆ ಲಿವರ್ ಸರಿಹೋಗುತ್ತೆ ಅಂತಾರೆ. ಶುರುವಿನ ಕಲೆ ಕರಗುತ್ತೆ, ಅಪಾಯವೂ ತಗ್ಗುತ್ತೆ, ನಿಜ. ಕುಡಿಯೋದು ಬಿಡಲೇಬೇಕು. ಆದರೆ ಸಿರೋಸಿಸ್ ಆದಮೇಲೆ ಅಪಾಯ ಪೂರ್ತಿ ಹೋಗಲ್ಲ, ಅದನ್ನು ಹೇಳದೆ ಕಳಿಸೋದು ಅನ್ಯಾಯ. ರೋಗಿ ಹೆದರುತ್ತಾರೆ ಅನ್ನೋ ನೆಪ ನನಗೆ ಬೇಡ. 2 ಸೆಂಟಿಮೀಟರ್ ಇದ್ದಾಗ ಸಿಕ್ಕರೆ ಎಷ್ಟೋ ಜನರಿಗೆ ಸುಟ್ಟೋ ಕತ್ತರಿಸಿಯೋ ತೆಗೆಯಬಹುದು. ರಕ್ತನಾಳಕ್ಕೆ ಹೊಕ್ಕಮೇಲೆ ಏನು ಮಾಡ್ತೀರಿ?

ನಮ್ಮ ದೊಡ್ಡಪ್ಪ ಒಂದು ತೊಟ್ಟೂ ಕುಡಿದವರಲ್ಲ. ಶುಗರ್ ಇತ್ತು, ಲಿವರ್ ಕಲೆಗಟ್ಟಿತ್ತು, ಅವರಿಗೂ ಯಾರೂ ಹೇಳಲಿಲ್ಲ. ಈ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ.

ಮನೆಯಲ್ಲಿ ಸಿರೋಸಿಸ್ ಇರೋರಿದ್ದರೆ ಮುಂದಿನ ಸ್ಕ್ಯಾನ್ ಯಾವಾಗ ಅಂತ ಡಾಕ್ಟರನ್ನು ನೀವೇ ಕೇಳಿ. ಹೆಪಟೈಟಿಸ್ ಬಿ ಇರೋರು ಸಿರೋಸಿಸ್ ಇಲ್ಲದಿದ್ದರೂ ಕೇಳಿ, ಅವರಿಗೆ ಕಲೆಗಟ್ಟದ ಲಿವರಿನಲ್ಲೂ ಕ್ಯಾನ್ಸರ್ ಬರಬಹುದು.